ಡಬ್ಬಿಯೊಳಗಿನ ಸಿಳ್ಳೆ

“ನೀನು ಆಮೆ ಅಲ್ಲ, ಕಲ್ಲು. ಆಮೆ ಆದ್ರೂ ಒಂದಲ್ಲ ಒಂದು ದಿನ ತಲೆ ಹೊರಗೆ ಹಾಕುತ್ತೆ. ನಾನು ಎಷ್ಟು ಸಲ ಕಳಿಸಿದೆ ಗೊತ್ತಾ? ಅಲ್ಲಿ ನಿನಗೆ ಹೊಸ ಫ್ರೆಂಡ್ಸ್ ಸಿಕ್ಕಿರ್ತಾರೆ, ಅದಕ್ಕೇ ಹಳಬರು ಬೇಡ. ಸರಿ, ನನಗೂ ನೀನು ಬೇಡ. ಇನ್ಮೇಲೆ ಮಾತೇ ಆಡಲ್ಲ. ನೀನು ಕೊಟ್ಟ ಕಂಪಾಸ್ ಬಾಕ್ಸೂ ವಾಪಸ್ ಕಳಿಸ್ತೀನಿ.”

ಬಸ್ಸಿನ ಡ್ರೈವರ್ ಪಕ್ಕದ ಕಿಟಕಿಯ ಕೆಳಗೆ ನಿಂತು ಬುಗುರಿ ಎಂಬ ಹುಡುಗಿ ಇಷ್ಟನ್ನೂ ಒಂದೇ ಉಸಿರಿಗೆ ಫೋನಿಗೆ ಹೇಳಿ, ಕಳಿಸುವ ಬಟನ್ ಒತ್ತಿದಳು. ಅವಳ ಮೂಗಿನ ತುದಿ ಕೆಂಪಾಗಿತ್ತು.

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೆಳಗೆ ನೋಡಿದಳು. ಡ್ರೈವರ್ ಎಂದರೆ ಬುಗುರಿಯ ಅಮ್ಮ.

“ಬೆಳಿಗ್ಗೆ ಬೆಳಿಗ್ಗೆ ಯಾರಿಗೇ ಇಷ್ಟೊಂದು ಪೂಜೆ?”

“ಯಾರಿಗೂ ಇಲ್ಲ.”

“ಯಾರಿಗೂ ಇಲ್ಲದ್ದನ್ನ ನನ್ನ ಬಸ್ಸಿಗೆ ಯಾಕೆ ಹತ್ತಿಸ್ತಿದೀಯ?” ಅಮ್ಮ ನಗುತ್ತ ಗೇರ್ ಹಾಕಿದಳು. “ಸ್ಕೂಲಿಗೆ ಲೇಟಾಯ್ತು, ಓಡು.”

ಬಸ್ಸು ಗುಡ್ಡದ ತಿರುವಿನಲ್ಲಿ ಮರೆಯಾಯಿತು. ಬುಗುರಿ ಫೋನ್ ನೋಡಿದಳು. ಅವಳ ಮಾತಿನ ಪಕ್ಕದಲ್ಲಿ ಟಿಕ್ ಬರಲಿಲ್ಲ. ಪುಟ್ಟ ಗಡಿಯಾರದ ಚಿತ್ರ ಮಾತ್ರ ಸುಮ್ಮನೆ ಕೂತಿತ್ತು. ಎಷ್ಟೋ ದಿನದಿಂದ ಹೀಗೇ. ಕೊನೆಗೆ ಬೈಯಲಿಕ್ಕೂ ಆಗುವುದಿಲ್ಲವಲ್ಲ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಬುಗುರಿಯ ಊರಿಗೆ ಟವರ್ ಇಲ್ಲ. ಊರು ಗುಡ್ಡದ ಈಚೆ, ಟವರ್ ಗುಡ್ಡದ ಆಚೆ. ನಡುವೆ ಗುಡ್ಡ ಗೋಡೆಯ ಹಾಗೆ ನಿಂತಿದೆ. ಅದಕ್ಕೇ ಬಸ್ಸಿನಲ್ಲಿ, ಅಮ್ಮನ ಸೀಟಿನ ಕೆಳಗೆ, ಒಂದು ಬೂದು ಬಣ್ಣದ ಡಬ್ಬಿ ಇಟ್ಟಿದ್ದಾರೆ. ಟಿಫಿನ್ ಕ್ಯಾರಿಯರ್‌ಗಿಂತ ಸ್ವಲ್ಪ ದೊಡ್ಡದು. ಬಸ್ಸು ಬಂದು ನಿಂತಾಗ ಊರಿನವರ ಫೋನಿನಲ್ಲಿ ಕಾದಿರುವ ಮೆಸೇಜುಗಳೆಲ್ಲ ಡಬ್ಬಿಯೊಳಗೆ ಹೋಗಿ ಕೂರುತ್ತವೆ. ಬಸ್ಸು ಗುಡ್ಡ ಹತ್ತಿ ಇಳಿದಾಗ ಡಬ್ಬಿಗೆ ನೆಟ್‌ವರ್ಕ್ ಸಿಗುತ್ತದೆ. ಆಗ ಅದು ಒಂದೊಂದನ್ನೇ ಮುಂದಕ್ಕೆ ಕಳಿಸುತ್ತದೆ, ಆ ಕಡೆಯಿಂದ ಬಂದದ್ದನ್ನು ತುಂಬಿಕೊಂಡು ಸಂಜೆ ಊರಿಗೆ ಮರಳುತ್ತದೆ. ಮೆಸೇಜು ಡಬ್ಬಿಗೆ ಹತ್ತಿದ ಕೂಡಲೇ ಫೋನಿನಲ್ಲಿ ಟಿಕ್ ಬರುತ್ತದೆ.

ಈಚೆಗೆ ಯಾರ ಫೋನಿನಲ್ಲೂ ಟಿಕ್ ಬರುತ್ತಿರಲಿಲ್ಲ. ಡಬ್ಬಿ ಮುನಿಸಿಕೊಂಡಿದೆ ಎಂದು ಊರಿನವರು ಆಡಿಕೊಂಡಿದ್ದರು. ಬಸ್ ಸ್ಟಾಪಿನ ಎದುರು ಅಂಗಡಿ ಇಟ್ಟಿರುವ ಟೈಲರ್ ಮಾಮ ಮಾತ್ರ ಇನ್ನೂ ದಿನಾ ಫೋನ್ ಎತ್ತಿ ಹಿಡಿದುಕೊಂಡು ಬಸ್ಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದ.

ಬುಗುರಿಗೆ ಊರಿನವರ ಚಿಂತೆ ಇರಲಿಲ್ಲ. ಅವಳ ಚಿಂತೆ ಒಂದೇ, ಆಮೆ.

ಆಮೆ ಪಕ್ಕದ ಮನೆಯ ಹುಡುಗಿ. ಒಂದನೇ ಕ್ಲಾಸಿನಿಂದ ಇಬ್ಬರದೂ ಒಂದೇ ಬೆಂಚು. ಬುಗುರಿ ನಿಂತಲ್ಲಿ ನಿಲ್ಲುವವಳಲ್ಲ, ಆಮೆ ಕೂತಲ್ಲಿಂದ ಏಳುವವಳಲ್ಲ. ಎರಡು ಹೆಸರೂ ಟೀಚರ್ ಇಟ್ಟದ್ದು. ಬುಗುರಿ ಊಟದ ಡಬ್ಬಿ ಖಾಲಿ ಮಾಡಿ ಆಟದ ಬಯಲನ್ನು ಎರಡು ಸುತ್ತು ಹಾಕಿ ಬಂದರೂ ಆಮೆಯ ಬಾಯಲ್ಲಿ ಮೊದಲನೇ ತುತ್ತೇ ಇರುತ್ತಿತ್ತು. ಆದರೆ ಆಮೆಗೆ ಬರುತ್ತಿದ್ದ ಒಂದು ವಿದ್ಯೆ ಬುಗುರಿಗೆ ಬರುತ್ತಿರಲಿಲ್ಲ. ಬಾಯೊಳಗೆ ಎರಡು ಬೆರಳಿಟ್ಟು ಊದಿದರೆ ಆಮೆಯ ಸಿಳ್ಳೆ ಗುಡ್ಡಕ್ಕೆ ಬಡಿದು ವಾಪಸ್ ಬರುತ್ತಿತ್ತು.

“ನಾಲಿಗೆ ಹಿಂದಕ್ಕೆ ಮಡಿಸು. ಬೆರಳು ಇಡು. ಈಗ ಊದು. ಅವಸರ ಮಾಡ್ಬೇಡ,” ಎಂದು ಆಮೆ ಹೇಳಿಕೊಡುತ್ತಿದ್ದಳು.

ಬುಗುರಿ ಊದುತ್ತಿದ್ದಳು. ಗಾಳಿ ಬರುತ್ತಿತ್ತು, ಉಗುಳು ಬರುತ್ತಿತ್ತು, ಸಿಳ್ಳೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ಆಮೆಯ ಅಪ್ಪನಿಗೆ ಸಮುದ್ರದ ನಡುವಿನ ಒಂದು ದ್ವೀಪದಲ್ಲಿ ದೀಪಸ್ತಂಭ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆಮೆ ಅಪ್ಪ ಅಮ್ಮನ ಜೊತೆ ಹೊರಟುಹೋದಳು. ಅಲ್ಲೂ ಟವರ್ ಇಲ್ಲ. ಆಗೊಮ್ಮೆ ಈಗೊಮ್ಮೆ ಹೋಗುವ ದೋಣಿಯಲ್ಲಿ ಇಂಥದೇ ಒಂದು ಡಬ್ಬಿ ಇದೆಯಂತೆ.

ಆಮೆ ಹೋದ ಮೇಲೆ ಒಂದು ದಿನ, ಸ್ಕೂಲಿನ ಹಿಂದೆ, ಏನನ್ನೋ ಯೋಚಿಸುತ್ತ ಸುಮ್ಮನೆ ಊದಿದಾಗ ಬುಗುರಿಯ ಸಿಳ್ಳೆ ಬಂದೇಬಿಟ್ಟಿತು. ತಂತಿಯ ಮೇಲೆ ಕೂತಿದ್ದ ಗುಬ್ಬಿಗಳೆಲ್ಲ ಒಮ್ಮೆಲೇ ಎದ್ದವು. ಬುಗುರಿ ಮನೆಗೆ ಓಡಿಬಂದು, ತಾನು ಬಳಸುತ್ತಿದ್ದ ಅಜ್ಜಿಯ ಫೋನನ್ನೇ ಅಜ್ಜಿಯ ಕೈಗೆ ಕೊಟ್ಟು, ವಿಡಿಯೋ ಮಾಡಿಸಿದಳು. ಅರ್ಧ ವಿಡಿಯೋದಲ್ಲಿ ಅಜ್ಜಿಯ ಹೆಬ್ಬೆರಳೇ ಇತ್ತು. ಆದರೂ ಸಿಳ್ಳೆ ಚೆನ್ನಾಗಿ ಕೇಳುತ್ತಿತ್ತು.

ಬಸ್ಸು ಬಂದಾಗ ಕಳಿಸಿದಳು. ಟಿಕ್ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಹೋಗಿಲ್ಲವೇನೋ ಎಂದು ಮತ್ತೆ ಒತ್ತಿದಳು. ಉತ್ತರ ಬರಲಿಲ್ಲ. ಮಾರನೆಯ ದಿನ ಮತ್ತೆ ಒತ್ತಿದಳು, ಸಂಜೆಯ ಬಸ್ಸಿಗೂ ಒತ್ತಿದಳು. ಹೀಗೆ ಒತ್ತುತ್ತ ಒತ್ತುತ್ತ ಒಂದು ದಿನ ಟಿಕ್ ಬರುವುದೇ ನಿಂತುಹೋಯಿತು. ಆಮೆಯ ಕಡೆಯಿಂದ ಒಂದು ಅಕ್ಷರವಾದರೂ ಬರಬೇಡವೇ? ಅದಕ್ಕೇ ಇವತ್ತು ಬೆಳಿಗ್ಗೆ ಆ ಬೈಗುಳ.

*

ಅಂದು ಸಂಜೆ ಬಸ್ಸು ತಡವಾಗಿ ಬಂತು. ಅಮ್ಮ ಇಂಜಿನ್ ಆಫ್ ಮಾಡುವ ಮೊದಲೇ ಸ್ಟಾಪಿನ ತುಂಬ ಟಿಂಗ್, ಟಿಂಗ್, ಟಿಂಗ್. ಎಲ್ಲರ ಜೇಬೂ, ಎಲ್ಲರ ಚೀಲವೂ ಒಟ್ಟಿಗೆ ಮಾತಾಡಿದ ಹಾಗೆ.

“ಅಯ್ಯೋ, ಪ್ಯಾಂಟ್ ಕೇಳಿದ್ದ ಆಚೆ ಊರಿನವರ ಸೊಂಟ ನಲವತ್ತಂತೆ,” ಎಂದು ಟೈಲರ್ ಮಾಮ ಫೋನ್ ನೋಡುತ್ತ ತಲೆ ಮೇಲೆ ಕೈ ಇಟ್ಟುಕೊಂಡ. “ನಾನು ಕಾದು ಕಾದು ಅಂದಾಜಿಗೆ ಮೂವತ್ತಾರಕ್ಕೆ ಹೊಲಿದುಬಿಟ್ಟೆ.”

“ಅವರಿಗೆ ಊಟ ಕಡಿಮೆ ಮಾಡೋಕೆ ಮೆಸೇಜ್ ಕಳಿಸಿ,” ಎಂದು ಅಮ್ಮ ಬಾಗಿಲು ತೆರೆದು ಇಳಿದಳು. “ಈಗ ಡಬ್ಬಿ ಸರಿಹೋಗಿದೆ.”

ಬುಗುರಿಯ ಕೈಯಲ್ಲಿದ್ದ ಫೋನೂ ಟಿಂಗ್ ಎಂದಿತು. ಆಮೆ.

‘ಈ ದೋಣಿಯಲ್ಲೂ ನಿನ್ನದೇನೂ ಬಂದಿಲ್ಲ. ಪರವಾಗಿಲ್ಲ. ನಿಧಾನಕ್ಕೆ ಕಳಿಸು.’

ಮತ್ತೊಂದು ಟಿಂಗ್. ‘ನಿನಗೆ ಜ್ವರ ಏನಾದ್ರೂ ಬಂತಾ? ಬಿಸಿನೀರು ಕುಡಿ.’

ಬುಗುರಿ ಎರಡನ್ನೂ ಮತ್ತೊಮ್ಮೆ ಓದಿದಳು. ಆಮೆ ಕಳಿಸುತ್ತಲೇ ಇದ್ದಳು. ದೋಣಿ ಬಂದಾಗಲೆಲ್ಲ ಕಳಿಸಿದ್ದಳು. ಇವಳದು ಒಂದೂ ತಲುಪದಿದ್ದರೂ ಕಳಿಸಿದ್ದಳು.

ಆಗ ಅವಳಿಗೆ ಬೆಳಗಿನ ಬೈಗುಳ ನೆನಪಾಯಿತು. ಅದು ಇನ್ನೂ ಫೋನಿನಲ್ಲೇ ಕಾಯುತ್ತ ಕೂತಿತ್ತು. ಡಬ್ಬಿ ಈಗ ಸರಿಹೋಗಿದೆ. ಬಸ್ಸು ಎದುರಿಗೇ ನಿಂತಿದೆ.

ಬುಗುರಿ ಓಟ ಕಿತ್ತಳು. ಫೋನನ್ನು ಎದೆಗೆ ಒತ್ತಿಕೊಂಡು, ಟೈಲರ್ ಅಂಗಡಿ ದಾಟಿ, ನೀರಿನ ಟ್ಯಾಂಕ್ ದಾಟಿ, ಸ್ಕೂಲಿನ ಗೇಟಿನ ತನಕ ಓಡಿದಳು. ಇಷ್ಟು ದೂರಕ್ಕೆ ಡಬ್ಬಿಯ ಕೈ ಎಟಕುವುದಿಲ್ಲ. ಏದುಸಿರು ಬಿಡುತ್ತ ಫೋನ್ ನೋಡಿದಳು.

ಬೈಗುಳದ ಪಕ್ಕದಲ್ಲಿ ಟಿಕ್ ಬಂದಿತ್ತು. ಎಷ್ಟು ದಿನದಿಂದ ಬರಲಿ, ಬರಲಿ ಎಂದು ಕಾದಿದ್ದ ಟಿಕ್. ಅದರ ಕೆಳಗೆ ಆಮೆಯದೊಂದು ಫೋಟೋ ಅರ್ಧ ಬಂದು ನಿಂತಿತ್ತು. ನೀಲಿ ಆಕಾಶ, ಬಿಳಿ ದೀಪಸ್ತಂಭದ ತಲೆ. ಉಳಿದರ್ಧ ಡಬ್ಬಿಯಲ್ಲೇ ಉಳಿದಿತ್ತು. ಅದು ಬೇಕಾದರೆ ಬಸ್ಸಿನ ಹತ್ತಿರವೇ ವಾಪಸ್ ಹೋಗಬೇಕು.

ಹೋಗುವಾಗ ಅವಳು ಆಮೆಯ ಹಾಗೇ ನಡೆದಳು.

*

ರಾತ್ರಿ ಬಸ್ಸು ಅವರ ಮನೆಯ ಮುಂದೆಯೇ ನಿಲ್ಲುತ್ತದೆ. ಅಮ್ಮ ಕೈಕಾಲು ತೊಳೆದು ಬಂದು, ಅಜ್ಜಿ ಬಿಡಿಸುತ್ತಿದ್ದ ಬಟಾಣಿಯ ಮುಂದೆ ಕೂತು ಅರ್ಧ ಕಾಳು ಬಟ್ಟಲಿಗೂ ಅರ್ಧ ಬಾಯಿಗೂ ಹಾಕತೊಡಗಿದಳು.

“ಅಮ್ಮ, ಡಬ್ಬಿಯಿಂದ ಒಂದು ಮೆಸೇಜ್ ವಾಪಸ್ ತೆಗೀಬಹುದಾ?”

“ಅದಕ್ಕೆ ಬೀಗ ಇದೆ. ಬೀಗದ ಕೈ ಡಿಪೋದಲ್ಲಿದೆ.”

“ಬೀಗ ಇಲ್ಲದಿದ್ರೆ?”

“ಇಲ್ಲದಿದ್ರೂ ತೆಗೀತಿರ್ಲಿಲ್ಲ. ಹತ್ತಿದ ಮೇಲೆ ಎಲ್ಲಾರೂ ಪ್ಯಾಸೆಂಜರೇ. ಮುಖ ನೋಡಿ ಇವರನ್ನ ಇಳಿಸು, ಅವರನ್ನ ಕೂರಿಸು ಅಂತ ಮಾಡೋಕಾಗಲ್ಲ.”

“ನನ್ನದೇ ಆದ್ರೂ?”

ಅಮ್ಮ ಬಟಾಣಿ ಬಿಟ್ಟು ಮಗಳ ಮುಖ ನೋಡಿದಳು. “ಬೆಳಗಿನದಾ?”

ಬುಗುರಿ ತಲೆಯಾಡಿಸಿದಳು. ಹೇಳಲು ಶುರು ಮಾಡಿದಾಗ ಎಲ್ಲವೂ ಬಂತು. ಸಿಳ್ಳೆ, ಟಿಕ್, ಕಲ್ಲು, ಕಂಪಾಸ್ ಬಾಕ್ಸು. ಕೊನೆಯಲ್ಲಿ ಸ್ವಲ್ಪ ಕಣ್ಣೀರೂ ಬಂತು.

“ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು,” ಎಂದಳು ಅಜ್ಜಿ.

“ನೀವು ಸುಮ್ನಿರಿ ಅತ್ತೆ. ಡಿಪೋದಲ್ಲಿ ನಿಮ್ಮ ಹೆಸರೂ ಬಂದಿದೆ,” ಎಂದಳು ಅಮ್ಮ.

“ನನ್ನ ಹೆಸರಾ? ನಾನೇನು ಮಾಡಿದೆ?”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಡಿಪೋದಲ್ಲಿ ಡಬ್ಬಿ ರಿಪೇರಿ ಮಾಡುವ ಒಬ್ಬಳು ಅಕ್ಕ ಇದ್ದಾಳಂತೆ. ಅವಳು ಬೀಗ ತೆಗೆದು ತನ್ನ ಕಂಪ್ಯೂಟರಿಗೆ ತಂತಿ ಹಾಕಿ ನೋಡಿದಳಂತೆ. ಒಳಗೆ ಏನು ಬರೆದಿದೆ ಎಂದು ಅವಳಿಗೂ ಕಾಣುವುದಿಲ್ಲ. ಯಾವುದು ಎಷ್ಟು ದೊಡ್ಡದು, ಎಲ್ಲಿಂದ ಹತ್ತಿದ್ದು ಎಂದಷ್ಟೇ ಕಾಣುತ್ತದೆ. ಡಬ್ಬಿಯ ತುಂಬ ಒಂದೇ ಅಳತೆಯ ದೊಡ್ಡ ದೊಡ್ಡ ಮೂಟೆಗಳು. ಎಲ್ಲವೂ ಅಜ್ಜಿಯ ಫೋನಿನಿಂದ.

“ನನ್ನ ಬಸ್ ಆಚೆ ಊರಲ್ಲಿ ನಿಲ್ಲೋದೇ ಒಂದು ಲೋಟ ಟೀ ಕುಡಿಯೋ ಹೊತ್ತು, ಆಮೇಲೆ ಮತ್ತೆ ಟವರ್ ಇಲ್ಲದ ದಾರಿ,” ಎಂದಳು ಅಮ್ಮ. “ಅಷ್ಟರಲ್ಲಿ ಒಂದು ಮೂಟೆ ಅರ್ಧ ಇಳಿಯೋದು. ನಾನು ಹೊರಟುಬಿಡ್ತಿದ್ದೆ. ನಾಳೆ ಅದು ಮತ್ತೆ ಮೊದಲಿಂದ ಶುರು. ಮೂಟೆ ಬಾಗಿಲಲ್ಲೇ ಸಿಕ್ಕಿಹಾಕ್ಕೊಂಡ್ರೆ ಹಿಂದಿನವರು ಇಳಿಯೋದು ಹೇಗೆ, ಹೊಸಬರು ಹತ್ತೋದು ಹೇಗೆ? ಆಚೆಯಿಂದ ಬರೋರಿಗೂ ಜಾಗ ಇಲ್ಲ.”

ಬುಗುರಿಯ ಕಿವಿ ಬಿಸಿಯಾಯಿತು. “ಹಾಗಾದ್ರೆ ಟೈಲರ್ ಮಾಮಂದು… ಎಲ್ಲಾರದೂ… ನನ್ನಿಂದಲಾ?”

“ನಿನ್ನೊಬ್ಬಳಿಂದ ಅಲ್ಲ. ಡಬ್ಬಿ ತುಂಬಿದಾಗ ಅದರ ಹಸಿರು ಲೈಟು ಕೆಂಪಾಗುತ್ತೆ. ಸಂಜೆ ಹೊತ್ತು ಆ ಲೈಟು ಮುಂದಿನ ಗಾಜಿನಲ್ಲಿ ಹೊಳೆದು ಕಣ್ಣಿಗೆ ಚುಚ್ಚುತ್ತೆ ಅಂತ ನಾನೇ ಅದರ ಮೇಲೆ ಕಪ್ಪು ಟೇಪ್ ಅಂಟಿಸಿಬಿಟ್ಟಿದ್ದೆ.” ಅಮ್ಮ ಒಂದು ಬಟಾಣಿ ಸಿಪ್ಪೆಯನ್ನು ಬುಗುರಿಯ ಮೂಗಿನ ಮೇಲಿಟ್ಟಳು. “ಅಮ್ಮಂದು ಟೇಪು, ಮಗಳದು ಸಿಳ್ಳೆ. ಡಿಪೋ ಅಕ್ಕ ನಮ್ಮಿಬ್ಬರಿಗೂ ಸೇರಿಸಿ ಬೈದ್ಲು. ಮಧ್ಯಾಹ್ನ ಪೂರ್ತಿ ಬಸ್ಸನ್ನ ಅಲ್ಲೇ ನಿಲ್ಲಿಸ್ಕೊಂಡು ಎಲ್ಲಾನೂ ಇಳಿಸಿದ್ಲು. ಇನ್ಮೇಲೆ ಹೀಗಾಗಬಾರದು ಅಂತ ಇನ್ನೊಂದು ಕೆಲಸ ಮಾಡಿದಾಳೆ. ಸಣ್ಣವು ಮೊದಲು ಇಳೀತಾವೆ, ದೊಡ್ಡವು ಆಮೇಲೆ. ದೋಣಿ ಡಬ್ಬಿಯಲ್ಲಿ ಮೊದಲಿಂದಲೂ ಹಾಗೇ ಅಂತೆ.”

ಬುಗುರಿ ಮೂಗಿನ ಮೇಲಿನ ಸಿಪ್ಪೆ ಬೀಳದ ಹಾಗೆ ನಿಧಾನವಾಗಿ ತಲೆ ಎತ್ತಿದಳು.

“ಸಣ್ಣವು ಮೊದಲಾ?”

“ಹ್ಞೂಂ.”

“ಹಾಗಾದ್ರೆ ನನ್ನ ಬೈಗುಳಕ್ಕಿಂತ ಸಣ್ಣದು ಕಳಿಸಿದ್ರೆ?”

ಅಮ್ಮ ಬಟಾಣಿ ತಿನ್ನುತ್ತ ಮಗಳನ್ನೇ ನೋಡುತ್ತಿದ್ದಳು.

ಬುಗುರಿ ಫೋನ್ ಎತ್ತಿಕೊಂಡಳು. ಮೊದಲು ಬಾಯಲ್ಲಿ ಹೇಳಲು ಹೊರಟಳು. “ಆಮೆ, ಸಾರಿ ಕಣೇ, ಏನಾಯ್ತು ಅಂದ್ರೆ ನಮ್ಮ ಡಬ್ಬಿ…” ಅಜ್ಜಿ ತಡೆದಳು. “ಇದು ಇನ್ನೊಂದು ಮೂಟೆ ಆಗುತ್ತೆ ನೋಡು.”

ಅಳಿಸಿದಳು. ಟೈಪ್ ಮಾಡಿದಳು. ಅದೂ ಉದ್ದವಾಯಿತು. ಡಬ್ಬಿಯ ಕತೆ ತೆಗೆದಳು. ಟೇಪಿನ ಕತೆ ತೆಗೆದಳು. ಅಜ್ಜಿಯ ಹೆಬ್ಬೆರಳನ್ನು ತೆಗೆದಳು. ಸಾಲು ಸಾಲಾಗಿ ಹೊಡೆದು ಹಾಕುತ್ತ ಹೋದಂತೆ ತಾನು ಹೇಳಬೇಕಾದದ್ದು ಎಷ್ಟು ಕಡಿಮೆ ಇದೆ ಎಂದು ಅವಳಿಗೇ ಆಶ್ಚರ್ಯವಾಯಿತು. ಕೊನೆಗೆ ಉಳಿದದ್ದು ಇಷ್ಟು.

‘ಹಿಂದೆ ದೊಡ್ಡದೊಂದು ಬರ್ತಿದೆ. ಕೇಳಬೇಡ. ಅದು ಸುಳ್ಳು.’

ಅಂಗಳಕ್ಕೆ ಇಳಿದು ಬಸ್ಸಿನ ಕಿಟಕಿಯ ಕೆಳಗೆ ನಿಂತು ಒತ್ತಿದಳು. ಕೂಡಲೇ ಟಿಕ್ ಬಂತು. ಅವಳ ಬೆರಳು ತಾನಾಗಿ ಇನ್ನೊಂದು ಸಲ ಒತ್ತಲು ಹೋಯಿತು. ಬುಗುರಿ ಆ ಬೆರಳನ್ನು ಮಡಿಸಿ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು.

*

ಮಾರನೆಯ ದಿನ ರಜೆ. ಬುಗುರಿ ಅಮ್ಮನ ಜೊತೆ ಬಸ್ಸು ಹತ್ತಿ, ಡ್ರೈವರ್ ಸೀಟಿನ ಪಕ್ಕದಲ್ಲೇ ಇಂಜಿನ್ನಿನ ಮೇಲಿನ ಮೆತ್ತೆಯಲ್ಲಿ ಕೂತಳು. ಅಡಿಯಿಂದ ಬೆಚ್ಚಗೆ ನಡುಗುವ ಜಾಗ ಅದು. ಡಬ್ಬಿಯ ಮೇಲೆ ಈಗ ಟೇಪ್ ಇರಲಿಲ್ಲ. ಲೈಟು ಹಸಿರಾಗಿತ್ತು.

ಸ್ಟಾಪಿನಲ್ಲಿ ಟೈಲರ್ ಮಾಮ ನಿಂತಿದ್ದ. ಬುಗುರಿ ಕಿಟಕಿಯಿಂದ ಬಗ್ಗಿ, “ಮಾಮ, ಡಬ್ಬಿ ತುಂಬಿದ್ದು ನನ್ನ ವಿಡಿಯೋದಿಂದ,” ಎಂದಳು. ಹೇಳುವಾಗ ಕಣ್ಣು ಮುಚ್ಚಿಕೊಂಡಿದ್ದಳು.

“ಹೌದಾ?” ಎಂದ ಟೈಲರ್ ಮಾಮ. “ಹಾಗಾದ್ರೆ ಆ ಮೂವತ್ತಾರರ ಪ್ಯಾಂಟು ನೀನೇ ಹಾಕ್ಕೋ.” ಹಿಂದಿನ ಸೀಟಿನವರೆಲ್ಲ ನಕ್ಕರು. ಬುಗುರಿ ಒಂದು ಕಣ್ಣು ತೆರೆದಳು. ಮಾಮನೂ ನಗುತ್ತಿದ್ದ.

ಬಸ್ಸು ಗುಡ್ಡ ಹತ್ತತೊಡಗಿತು. ಅಮ್ಮ ತಿರುವಿನಲ್ಲಿ ಹಾರ್ನ್ ಹೊಡೆದು, ಗೇರ್ ಇಳಿಸಿ, ಚಕ್ರ ತಿರುಗಿಸುವುದನ್ನು ಬುಗುರಿ ನೋಡುತ್ತ ಕೂತಳು. ಮನೆಯಲ್ಲಿ ಬಟಾಣಿ ಕದ್ದು ತಿನ್ನುವ ಅಮ್ಮನೇ ಬೇರೆ, ಈ ಅಮ್ಮನೇ ಬೇರೆ.

“ಅಮ್ಮ, ನೀನು ಆಚೆ ಹೋದ ಮೇಲೆ ನಿನಗೂ ನಮ್ಮ ಸುದ್ದಿ ಸಿಗಲ್ಲ ಅಲ್ವಾ?”

“ಸಂಜೆ ತನಕ ಸಿಗಲ್ಲ.”

“ಬೇಜಾರಾಗಲ್ವಾ?”

ಅಮ್ಮ ತಿರುವು ಮುಗಿಸಿ ಗೇರ್ ಬದಲಿಸಿದಳು. “ನೀನು ತೊಟ್ಟಿಲಲ್ಲಿದ್ದಾಗ ಒಂದು ದಿನ ನಿನಗೆ ಮೈ ಕಾದಿತ್ತು. ರಜೆ ಸಿಗಲಿಲ್ಲ. ನಿನ್ನನ್ನ ಅಜ್ಜಿ ಮಡಿಲಿಗೆ ಹಾಕಿ ಹೊರಟೆ. ಆಗ ಈ ಡಬ್ಬಿನೂ ಇರ್ಲಿಲ್ಲ.”

“ಆಮೇಲೆ? ಏನು ಮಾಡಿದೆ?”

“ಏನು ಮಾಡೋದು, ಬಸ್ ಓಡಿಸಿದೆ. ಮನಸ್ಸಿಗೆ ಏನೇನೋ ಬರೋದು. ಈಗ ಹೀಗಾಗಿರಬಹುದು, ಹಾಗಾಗಿರಬಹುದು ಅಂತ. ಆಮೇಲೆ ನನಗೆ ನಾನೇ ಹೇಳ್ಕೊಂಡೆ. ಸುದ್ದಿ ಬಂದಿಲ್ಲ ಅಂದ್ರೆ ಸುದ್ದಿ ಬಂದಿಲ್ಲ, ಅಷ್ಟೇ. ಇಲ್ಲದ್ದನ್ನ ನಾನೇ ಯಾಕೆ ಹುಟ್ಟಿಸ್ಲಿ? ಸಂಜೆ ಬಂದು ನೋಡಿದ್ರೆ ನೀನು ಅಜ್ಜಿ ಕನ್ನಡಕ ಬಾಯಲ್ಲಿಟ್ಕೊಂಡು ಚೀಪ್ತಾ ಕೂತಿದ್ದೆ.”

ಬುಗುರಿ ಅಮ್ಮನ ಮುಖವನ್ನು ಪಕ್ಕದಿಂದ ನೋಡಿದಳು. ಅಮ್ಮ ನಗುತ್ತಿದ್ದಳು, ಕಣ್ಣು ರಸ್ತೆಯ ಮೇಲೇ ಇತ್ತು. ಆ ದಿನವೂ ಅಮ್ಮ ಇದೇ ತಿರುವುಗಳಲ್ಲಿ ಹಾರ್ನ್ ಹೊಡೆದಿರಬೇಕು, ಕಂಡಕ್ಟರ್ ಇಲ್ಲದ ಈ ಬಸ್ಸಿನಲ್ಲಿ ತಾನೇ ಟಿಕೆಟ್ ಕೊಟ್ಟಿರಬೇಕು, ಚಿಲ್ಲರೆ ಎಣಿಸಿರಬೇಕು. ಬಸ್ಸಿನಲ್ಲಿ ಕೂತ ಯಾರಿಗೂ ಗೊತ್ತಾಗಿರಲಿಕ್ಕಿಲ್ಲ.

ಗುಡ್ಡದ ನೆತ್ತಿ ಬಂತು. ಕೆಳಗೆ ದೂರದಲ್ಲಿ ಆಚೆ ಊರು, ಅದರ ನಡುವೆ ಸೂಜಿಯಂಥ ಟವರ್. ಸೀಟಿನ ಕೆಳಗೆ ಹಸಿರು ಲೈಟು ಮಿಟಿ ಮಿಟಿ ಮಿಟುಕತೊಡಗಿತು.

“ಹೋಗ್ತಾ ಇದೆ,” ಎಂದಳು ಅಮ್ಮ.

ಮೊದಲು ಸಣ್ಣದು, ಆಮೇಲೆ ದೊಡ್ಡದು. ಬುಗುರಿ ಲೈಟನ್ನೇ ನೋಡುತ್ತ, ಮನಸ್ಸಿನಲ್ಲೇ ಸಣ್ಣದನ್ನು ಮುಂದೆ ಮುಂದೆ ತಳ್ಳುತ್ತಿದ್ದಳು.

*

ಎಷ್ಟೋ ಬಸ್ಸುಗಳು ಬಂದವು, ಹೋದವು. ದೋಣಿಗೆ ಗಾಳಿ ಅಡ್ಡ ಬಂದಿರಬಹುದು, ಆಮೆ ಇನ್ನೂ ಮೊದಲನೇ ಅಕ್ಷರ ಟೈಪ್ ಮಾಡುತ್ತಿರಬಹುದು ಎಂದುಕೊಂಡು ಬುಗುರಿ ಸ್ಕೂಲಿಗೆ ಹೋದಳು, ಬಂದಳು. ಸಂಜೆ ಸ್ಟಾಪಿನಲ್ಲಿ ನಿಂತಾಗ ಮಾತ್ರ ಅವಳ ಕಾಲು ಸುಮ್ಮನಿರುತ್ತಿರಲಿಲ್ಲ.

ಒಂದು ಸಂಜೆ ಟಿಂಗ್ ಎಂದಿತು. ಆಮೆಯ ದನಿ. ಅದೇ ನಿಧಾನ, ಒಂದೊಂದು ಮಾತಿಗೂ ನಡುವೆ ಒಂದು ಸಮುದ್ರ.

“ಬುಗುರಿ… ದೋಣಿ ಬಂತು. ಎಲ್ಲಾ ಒಂದೇ ಸಲ ಬಂತು. ಮೊದಲು ಸಣ್ಣದು ಓದಿದೆ. ಕೇಳಬೇಡ ಅಂತ ಇತ್ತು… ಅದಕ್ಕೇ ಕೇಳಿದೆ. ಬೇಡ ಅಂದ್ರೆ ಕೇಳದೇ ಇರೋಕೆ ಆಗುತ್ತೇನೇ? ಸ್ವಲ್ಪ ಅಳು ಬಂತು. ಆದ್ರೆ ಸುಳ್ಳು ಅಂತ ಮೊದಲೇ ಹೇಳಿದ್ಯಲ್ಲ… ಅದಕ್ಕೆ ಸ್ವಲ್ಪಾನೇ ಬಂತು. ಕಂಪಾಸ್ ಬಾಕ್ಸ್ ಕಳಿಸಬೇಡ, ನನ್ನ ಹತ್ರ ಇನ್ನೊಂದಿದೆ.”

ಬುಗುರಿ ಉಸಿರು ಬಿಟ್ಟಳು. ದನಿ ಇನ್ನೂ ಮುಗಿದಿರಲಿಲ್ಲ.

“ಆಮೇಲೆ ಸಿಳ್ಳೆ ಬಂತು. ಆಮೇಲೆ ಇನ್ನೊಂದು ಸಿಳ್ಳೆ. ಆಮೇಲೆ ಇನ್ನೊಂದು. ಬರ್ತಾನೇ ಇತ್ತು, ಎಲ್ಲಾನೂ ಹಾಕಿ ಕೇಳಿದೆ. ಯಾವುದೋ ಹಡಗು ಸಹಾಯಕ್ಕೆ ಕೂಗ್ತಿದೆ ಅಂತ ಅಪ್ಪ ಚಪ್ಪಲಿ ಕೂಡ ಹಾಕದೆ ಹೊರಗೆ ಓಡಿದ್ರು. ಎಲ್ಲಾದ್ರಲ್ಲೂ ಅಜ್ಜಿ ಹೆಬ್ಬೆರಳೇ ಇದೆ. ಆದ್ರೆ… ನಾಲಿಗೆ ಸರಿಯಾಗಿ ಮಡಿಸಿದೀಯ ಕಣೇ.”

ಟೈಲರ್ ಮಾಮ ಅಂಗಡಿಯಿಂದ ಕತ್ತು ಹೊರಗೆ ಹಾಕಿ, “ಏನಂತೆ ಸುದ್ದಿ?” ಎಂದ. ಬುಗುರಿ ನಕ್ಕಳು.

ಮಾರನೆಯ ಬೆಳಿಗ್ಗೆ ಅವಳು ಮತ್ತೆ ಡ್ರೈವರ್ ಕಿಟಕಿಯ ಕೆಳಗೆ ನಿಂತಳು. ಬಹಳ ಯೋಚಿಸಿ ಒಂದು ಸಾಲು ಟೈಪ್ ಮಾಡಿದ್ದಳು. ಒಂದು ಸಲ ಒತ್ತಿದಳು. ಟಿಕ್ ಬಂತೋ ಇಲ್ಲವೋ ಎಂದು ನೋಡಲಿಲ್ಲ. ಫೋನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

“ಆಯ್ತಾ? ಹೊರಡ್ಲಾ?” ಎಂದಳು ಅಮ್ಮ ಮೇಲಿನಿಂದ.

“ಹ್ಞೂಂ ಅಮ್ಮ. ನಿಧಾನಕ್ಕೆ ಹೋಗು.”

ಬಸ್ಸು ಹೊರಟಿತು. ಅದು ತಿರುವು ತಲುಪುವ ಹೊತ್ತಿಗೆ ಬುಗುರಿ ಬಾಯೊಳಗೆ ಎರಡು ಬೆರಳಿಟ್ಟು ಊದಿದಳು. ಸಿಳ್ಳೆ ಗುಡ್ಡಕ್ಕೆ ಬಡಿದು ವಾಪಸ್ ಬಂತು. ಅಮ್ಮನಿಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಸಂಜೆ ಕೇಳಿದರಾಯಿತು ಎಂದುಕೊಂಡು ಬುಗುರಿ ಸ್ಕೂಲಿನ ಕಡೆ ತಿರುಗಿದಳು.